ಕುಂದಾದ ತೊಗಲು ಕಿತ್ತವರು ನಾವೇ

ಸೆಪ್ಟೆಂಬರ್ 17 ಹತ್ತಿರ ಬಂದಿತ್ತು. ಶಾಲೆಯೊಂದರಲ್ಲಿ ಕಲ್ಯಾಣ ಕರ್ನಾಟಕ ಉತ್ಸವದ ದಿನ ಹಳೆಯ ವಸ್ತುಗಳ ಪ್ರದರ್ಶನ ಇಡುತ್ತೇವೆ, ನೀವೂ ಏನಾದರೂ ತನ್ನಿ ಎಂದು ಮಾಸ್ತರರು ನಮಗೆ ಹೇಳಿದ್ದರು. ನಮ್ಮ ಗುಂಪಿನ ಒಬ್ಬನ ಆಯಿಯ ಮನೆ ಅಫಜಲಪುರ ತಾಲೂಕಿನಲ್ಲಿ, ಭೀಮಾ ದಂಡೆಯ ಒಂದು ಊರಲ್ಲಿದೆ. ಆ ಮನೆಯ ನಾಗೊಂದಿ ಮೇಲೆ, ಹಳೆಯ ಕೂರಿಗೆ ತಾಳುಗಳ ನಡುವೆ, ಒಂದು ಬಂದೂಕಿನ ಕುಂದಾ ಸಿಕ್ಕಿತು. ಬೆಳಗಾವಿಯ ಸಿಹಿ ಕುಂದಾ ಅಲ್ಲ. ನಮ್ಮ ಕಡೆ ಉರ್ದು ಬಲ್ಲ ಹಿರಿಯರು ಬಂದೂಕಿನ ಕಟ್ಟಿಗೆಯ ಭಾಗಕ್ಕೆ, ಹೆಗಲಿಗೆ ಆನಿಸುವ ಹಿಡಿಗೆ, ಕುಂದಾ ಅಂತಾರೆ.

ಕಬ್ಬಿಣ ಒಂದೂ ಇರಲಿಲ್ಲ. ನಳಿಗೆ ಇಲ್ಲ, ಕುದುರೆ ಇಲ್ಲ. ಬರೀ ಕಟ್ಟಿಗೆ. ಅದರ ಕುತ್ತಿಗೆಗೆ, ಅಂದರೆ ಕೈಯಲ್ಲಿ ಹಿಡಿಯುವ ತೆಳ್ಳನೆ ಜಾಗಕ್ಕೆ, ಕಪ್ಪಾದ ತೊಗಲನ್ನು ಸುತ್ತಿ ಏಳು ರಿವಿಟು ಹೊಡೆದಿದ್ದರು. ನಾಲ್ಕು ತಾಮ್ರದವು, ಮೂರು ಕಬ್ಬಿಣದವು. ತಾಮ್ರದ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಕಬ್ಬಿಣದ ಸುತ್ತ ತೊಗಲು ಮಸಿಯ ಹಾಗೆ ಕಪ್ಪಾಗಿ ಹರಿದಿತ್ತು.

ಮುಂದೆ ನಾವು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇವೆ. ಪ್ರದರ್ಶನಕ್ಕೆ ಚಂದ ಕಾಣಲಿ ಅಂತ ತೊಗಲಿಗೆ ಕುಸುಬಿ ಎಣ್ಣೆ ಸುರಿದೆವು. ಸಡಿಲಾಗಿದ್ದ ನಾಲ್ಕು ರಿವಿಟುಗಳನ್ನು ಇಕ್ಕಳದಿಂದ ಕಿತ್ತೆವು. ಹಿಡಿಯ ಬಲಮಗ್ಗುಲಿಗೆ ಜಿಡ್ಡು ಕಟ್ಟಿದೆ ಎಂದು ಪಾಲಿಶ್ ಪೇಪರ್ ಹಾಕಿ ತಿಕ್ಕಿದೆವು. ಅರ್ಧ ತಿಕ್ಕಿದ ಮೇಲೆ ಅಲ್ಲಿ ದುಂಡನೆಯ ಒಂದು ಮುದ್ರೆ ಇದ್ದದ್ದು ಕಣ್ಣಿಗೆ ಬಿತ್ತು. ಉಳಿದಿದ್ದು ಅರ್ಧಚಂದ್ರದಷ್ಟು. ಅಕ್ಷರ ಏನಿತ್ತೋ, ಇಸವಿ ಏನಿತ್ತೋ, ನಮ್ಮ ಕೈಯಾರೆ ಪುಡಿಯಾಗಿ ಅಂಗಳಕ್ಕೆ ಬಿದ್ದಿತ್ತು. ಆಯಿ ನೋಡಿ, “ಏನ್ ಮಾಡಿದ್ರೋ ಹುಡುಗ್ರ್ಯಾ, ಎಪ್ಪತ್ತು ವರ್ಸ ಅದಕ್ ಏನೂ ಆಗಿದ್ದಿಲ್ಲ” ಅಂದಳು.

ಆ ಮಾತು ಚುಚ್ಚಿತು. ಆಮೇಲೆ ನಾವು ಕೇಳುತ್ತ, ಓದುತ್ತ ತಿಳಿದುಕೊಂಡಿದ್ದೇ ಈ ಬರಹ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳೆಯ ವಾಡೆಗಳಲ್ಲಿ ಇಂಥ ಕಟ್ಟಿಗೆ, ಇಂಥ ತೊಗಲು ಇನ್ನೂ ಇದ್ದಾವು. ಉಳಿದವರು ನಮ್ಮಂತೆ ತಿಕ್ಕದಿರಲಿ.

ಮೊದಲು ಕಟ್ಟುತ್ತಿದ್ದುದೇ ತೊಗಲಿನಿಂದ

ಬಂದೂಕಿಗೂ ತೊಗಲಿಗೂ ಏನು ಸಂಬಂಧ? ತೂಗುಹಾಕುವ ಪಟ್ಟಿ ಬಿಟ್ಟರೆ ಬೇರೆ ಏನಿದೆ ಎಂದು ನಮಗೂ ಅನಿಸಿತ್ತು. ಆದರೆ ದಖ್ಖನಿನ ಹಳೆಯ ಬತ್ತಿ ಬಂದೂಕುಗಳನ್ನು ವಸ್ತುಸಂಗ್ರಹಾಲಯದಲ್ಲಿ ನೋಡಿದರೆ ಉತ್ತರ ಸಿಗುತ್ತದೆ. ಬತ್ತಿ ಬಂದೂಕು ಅಂದರೆ ಉರಿಯುವ ದಾರದ ತುದಿಯನ್ನು ಮದ್ದಿಗೆ ತಾಗಿಸಿ ಹಾರಿಸುವುದು. ಅದರ ನಳಿಗೆ ಉದ್ದ, ಕಟ್ಟಿಗೆ ಸಪೂರ. ಎರಡನ್ನೂ ಒಟ್ಟಿಗೆ ಹಿಡಿದಿಟ್ಟಿದ್ದು ತೊಗಲಿನ ಬಾರು, ಇಲ್ಲವೇ ಹಿತ್ತಾಳೆಯ ತಂತಿ ಅಥವಾ ಪಟ್ಟಿ. ನೊಗಕ್ಕೆ ಮಿಣಿ ಬಿಗಿದಂತೆ ನಳಿಗೆಗೆ ಬಾರು ಬಿಗಿಯುತ್ತಿದ್ದರು. ಕಟ್ಟಿಗೆ ಸೀಳಿದರೆ ಬಾರು ಬಿಚ್ಚಿ, ಹೊಸ ಕಟ್ಟಿಗೆ ಕೆತ್ತಿ, ಮತ್ತೆ ಬಿಗಿದರಾಯಿತು. ನಳಿಗೆ ತಲೆಮಾರುಗಟ್ಟಲೆ ಉಳಿಯುತ್ತಿತ್ತು, ಕಟ್ಟಿಗೆ ಮತ್ತು ತೊಗಲು ಬದಲಾಗುತ್ತಿದ್ದವು.

ಇಂಥ ಬಂದೂಕಿಗೆ ನಮ್ಮ ನೆಲದಲ್ಲಿ ದೊಡ್ಡ ಹೆಸರಿತ್ತು. ಜೇವರ್ಗಿಯಿಂದ ಶಹಾಪುರ ದಾಟಿ ದಕ್ಷಿಣಕ್ಕೆ ಹೋದರೆ ಸುರಪುರ, ಅದರ ಪಕ್ಕದಲ್ಲೇ ವಾಗಿನಗೇರಾ. ಈಗ ಯಾದಗಿರಿ ಜಿಲ್ಲೆ, 2009ರವರೆಗೆ ನಮ್ಮ ಕಲಬುರಗಿ ಜಿಲ್ಲೆಯೇ. ಔರಂಗಜೇಬ ತಾನೇ ಮುಂದೆ ನಿಂತು ಹಾಕಿದ ಕೊನೆಯ ಮುತ್ತಿಗೆ ಈ ವಾಗಿನಗೇರಾ ಕೋಟೆಗೆ, 1705ರಲ್ಲಿ. ಬೇಡ ನಾಯಕರ ಗುರಿಕಾರರು ದಿಲ್ಲಿಯ ಬಾದಶಾಹನ ದೊಡ್ಡ ದಂಡನ್ನು ತಿಂಗಳುಗಟ್ಟಲೆ ತಡೆದರು. ಕೊನೆಗೆ ಕೋಟೆ ಬಿತ್ತು, ಆದರೆ ನಾಯಕ ಸಿಗಲಿಲ್ಲ. ರಾತ್ರೋರಾತ್ರಿ ಮನೆಗಳಿಗೆ ಬೆಂಕಿ ಇಟ್ಟು ಹೊರಟುಹೋಗಿದ್ದ. ಬಾದಶಾಹ ಎರಡು ವರ್ಷದಲ್ಲಿ ಅಹ್ಮದನಗರದಲ್ಲಿ ತೀರಿಕೊಂಡ.

ಆ ಗುರಿಕಾರರ ಬಗ್ಗೆ ಮೊಗಲರ ಕಡೆಯವರೇ ಬರೆದಿಟ್ಟಿದ್ದಾರೆ. ಆ ಬಂದೂಕುಗಳಿಗೆ ಬಾರು ಕೊಯ್ದವರು, ಹದ ಮಾಡಿದವರು ಯಾರು ಎಂದು ಯಾರೂ ಬರೆಯಲಿಲ್ಲ. ಊರಿನ ಒಂದು ಕಪಿಲೆ ಬಾವಿಗೆ ಚೀಲ ಹೊಲಿದವನೇ, ಎತ್ತಿಗೆ ಬಾರುಕೋಲು ಮಾಡಿದವನೇ, ಹಲಗೆಗೆ ತೊಗಲು ಬಿಗಿದವನೇ ಇದನ್ನೂ ಮಾಡಿರಬೇಕಲ್ಲ. ತೊಗಲು ಹದ ಮಾಡುವ ಢೋರ, ಹೊಲಿಯುವ ಸಮಗಾರ, ಕಟ್ಟಿಗೆಯ ಬಡಿಗ, ಕುಲುಮೆಯ ಕಮ್ಮಾರ, ಕತ್ತಿ ಸಾಣೆ ಹಿಡಿಯುವ ಶಿಕಲಗಾರ: ಒಂದು ಬಂದೂಕು ಇಷ್ಟು ಓಣಿ ಸುತ್ತಿ ಬರುತ್ತಿತ್ತು. ಕಮ್ಮಾರನ ತಿದಿ ಕೂಡ ತೊಗಲಿನದೇ. ಬಸವಣ್ಣನವರಿಗಾಗಿ ತನ್ನ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿದ ಹರಳಯ್ಯನ ಕಥೆ ಹೇಳುವ ನಾಡು ಇದು. ಢೋರ ಕಕ್ಕಯ್ಯನ ಹೆಸರು ಹೇಳುವ ನಾಡು. ಆದರೂ ಬಂದೂಕಿನ ಚರಿತ್ರೆ ಬರೆಯುವಾಗ ತೊಗಲು ಮುಟ್ಟಿದ ಕೈಗಳನ್ನು ಹೊರಗೇ ನಿಲ್ಲಿಸಿದ್ದೇವೆ.

ಹೊಸದು ಸಿಗದಿದ್ದರೆ ಹಳೆಯದಕ್ಕೆ ತೇಪೆ

ಈಗ ನಮ್ಮ ಕುಂದಾಕ್ಕೆ ಬರೋಣ. ಅದು ಬತ್ತಿ ಬಂದೂಕಿನದಲ್ಲ. ಬಲಮಗ್ಗುಲಿಗೆ ಬಂದೂಕಿನ ಕೀಲು ಕೂರುವ ತಗ್ಗು ಕೊರೆದಿತ್ತು. ಹಿಂಬದಿಗೆ ಲೋಹದ ತಗಡು ಕೂರಿಸಿದ ಸ್ಕ್ರೂ ತೂತುಗಳಿದ್ದವು. ಮುಂದಿನ ಉದ್ದನೆಯ ಕಟ್ಟಿಗೆಯನ್ನು ಯಾರೋ ಗರಗಸದಿಂದ ಮೋಟು ಮಾಡಿದ್ದರು. ಆಕಾರ ನೋಡಿದರೆ ಎನ್‌ಫೀಲ್ಡ್ ಮಾದರಿಯ ದಂಡಿನ ಬಂದೂಕು. ಮದ್ದು, ಗುಂಡು ಬಾಯಿಯಿಂದ ಗಿಡಿದು, ತಾಮ್ರದ ಸಣ್ಣ ಟೊಪ್ಪಿಗೆ ಇಟ್ಟು ಹಾರಿಸುವ ಕೇಪಿನ ಕೋವಿ. ನಮ್ಮ ಕಡೆ ಬಾಯಿಂದ ತುಂಬುವ ಕೋವಿಗಳಿಗೆಲ್ಲ ಭರಮಾರ ಅನ್ನುತ್ತಿದ್ದರು.

ಎನ್‌ಫೀಲ್ಡ್ ಹೆಸರು ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿದ್ದೇವೆ. 1857ರಲ್ಲಿ ಹಲ್ಲಿನಿಂದ ಕಚ್ಚಿ ಹರಿಯಬೇಕಿದ್ದ ಕೊಬ್ಬು ಸವರಿದ ತೋಟೆಗಳು ಇದೇ ಬಂದೂಕಿನವು, 1853ರ ಮಾದರಿ. ಅದೇ ವರ್ಷ ಆಯುಧ ಕಸಿಯುವ ಕಾಯ್ದೆ ಬಂತು. ಮುಧೋಳ ಕಡೆಯ ಹಲಗಲಿಯ ಬೇಡರು ಆಯುಧ ಕೊಡುವುದಿಲ್ಲ ಎಂದು ನಿಂತರು. ಊರು ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿದರು. ಆ ಕಥೆ ಲಾವಣಿಯಾಗಿ ಉಳಿಯಿತು. ಅದನ್ನು ಕೇಳಿ ಬರೆದಿಟ್ಟವನೂ ಒಬ್ಬ ಇಂಗ್ಲಿಷ್ ಅಧಿಕಾರಿ, ಶಾಸನಗಳನ್ನು ಓದಿದ ಫ್ಲೀಟ್. ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರ ಫೆಬ್ರುವರಿಯಲ್ಲಿ ತಿರುಗಿಬಿದ್ದ. ಚಿಕ್ಕಂದಿನಲ್ಲಿ ಅವನ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರನನ್ನು ಅವನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಸೆರೆಸಿಕ್ಕ ಮೇಲೂ ಹಾಗೇ ಕರೆದನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಸಂಸ್ಥಾನ ಹೋಯಿತು, 1860ರಲ್ಲಿ ಅದು ನಿಜಾಮನ ಕೈಸೇರಿತು.

ತೊಗಲಿನ ಕಥೆಗೆ ಮುಖ್ಯವಾದದ್ದು ಇದರ ನಂತರದ ಕಾಲ. 1857ರ ಪೆಟ್ಟು ತಿಂದ ಬ್ರಿಟಿಷರು ಭಾರತದ ಸಿಪಾಯಿಗಳ ಕೈಗೆ ಒಳ್ಳೆಯ ಬಂದೂಕು ಕೊಡುವುದನ್ನೇ ನಿಲ್ಲಿಸಿದರು. ಹೊರಗಿನಿಂದ ಎನ್‌ಫೀಲ್ಡ್‌ನಂತೆಯೇ ಕಾಣುವ, ಆದರೆ ನಳಿಗೆಯ ಒಳಗೆ ಸುರುಳಿ ಗೀರು ಇಲ್ಲದ ಬಂದೂಕು ಕೊಟ್ಟರು. ಸುರುಳಿ ಗೀರು ಇದ್ದರೆ ಗುಂಡು ತಿರುಗುತ್ತ ನೆಟ್ಟಗೆ ದೂರ ಹೋಗುತ್ತದೆ, ಇಲ್ಲದಿದ್ದರೆ ಹತ್ತಿರದಲ್ಲೇ ಗುರಿ ತಪ್ಪುತ್ತದೆ. ಗೋರಾ ಸೈನಿಕರಿಗೆ ಹೊಸ ಮಾದರಿ ಬಂದಾಗ ಹಳೆಯದು ನಮ್ಮವರಿಗೆ. ಅವರಿಗೆ ಮಾರ್ಟಿನಿ ಬಂದಾಗ ನಮ್ಮವರಿಗೆ ಸ್ನೈಡರ್. ಅವರಿಗೆ ಲೀ ಬಂದೂಕು ಬಂದಾಗ ನಮ್ಮವರಿಗೆ ಮಾರ್ಟಿನಿ. ಅವರಾದ ಮೇಲೆ ಪೊಲೀಸರು, ಕಾವಲುಗಾರರು, ಸಂಸ್ಥಾನಗಳ ದಂಡು. ಅದರ ಮೇಲೆ 1878ರ ಆಯುಧ ಕಾಯ್ದೆ ಬಂದು, ಬ್ರಿಟಿಷ್ ಇಂಡಿಯಾದಲ್ಲಿ ಲೈಸೆನ್ಸ್ ಇಲ್ಲದೆ ಬಂದೂಕು ಇಡುವುದು ಅಪರಾಧವಾಯಿತು.

ಹೀಗೆ ಹೊಸದಕ್ಕೆ ಬಾಗಿಲು ಮುಚ್ಚಿದಾಗ ಹಳೆಯದನ್ನು ಬಿಸಾಡುವವರು ಯಾರು? ಒಡೆದ ಕುಂದಾಕ್ಕೆ ತೊಗಲು ಸುತ್ತಿ, ರಿವಿಟು ಹೊಡೆದು, ಮಕ್ಕಳು ಮೊಮ್ಮಕ್ಕಳ ತನಕ ನಡೆಸಿದರು. ನಮ್ಮ ಕುಂದಾದ ಮೇಲಿನ ತೊಗಲು ಬಡತನದ ಗುರುತು ಎಂದು ಮೊದಲು ಅಂದುಕೊಂಡಿದ್ದೆವು. ಈಗ ಅದನ್ನು ಒಂದು ಸರ್ಕಾರ ತನ್ನ ಪ್ರಜೆಗಳಿಗೆ ಹೆದರಿದ್ದರ ಗುರುತಾಗಿಯೂ ನೋಡುತ್ತೇವೆ.

ಬ್ರಿಟಿಷ್ ಸಿಪಾಯಿಗಳೂ ತೊಗಲು ಸುತ್ತುತ್ತಿದ್ದರು, ಬೇರೆ ಕಾರಣಕ್ಕೆ. ಮಾರ್ಟಿನಿ ಬಂದೂಕು ಬೇಗ ಬೇಗ ಹಾರಿಸಿದರೆ ನಳಿಗೆ ಸುಡುತ್ತಿತ್ತು. 1879ರಲ್ಲಿ ಆಫ್ರಿಕಾದ ಜುಲು ಯುದ್ಧದಲ್ಲಿ ಸಿಪಾಯಿಗಳು ಹಸಿ ತೊಗಲನ್ನು ಹಿಡಿಯುವ ಜಾಗಕ್ಕೆ ಸುತ್ತಿ ಹೊಲಿದುಕೊಂಡರು. ಒಣಗಿದಾಗ ಅದು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ನಮ್ಮ ಹಲಗೆ ಮಾಡುವವರಿಗೆ ಇದನ್ನು ಯಾರೂ ಆಫ್ರಿಕಾದಿಂದ ಬಂದು ಕಲಿಸಬೇಕಿರಲಿಲ್ಲ.

ಬಸ್ ನಿಲ್ದಾಣದ ಕಾಕಾ ಓದಿದ್ದು

ಕಿತ್ತ ರಿವಿಟು, ಎಣ್ಣೆ ಕುಡಿದ ತೊಗಲು, ಕುಂದಾದ ಫೋಟೋಗಳು, ಎಲ್ಲವನ್ನೂ ತೆಗೆದುಕೊಂಡು ಜೇವರ್ಗಿಗೆ ಹೋದೆವು. ಅಲ್ಲಿ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವ ಒಬ್ಬ ಹಿರಿಯರಿದ್ದಾರೆ. ಅವರ ತಂದೆ ಮಿಣಿ, ಬಾರುಕೋಲು, ಕಪಿಲೆಯ ಚೀಲ ಮಾಡುತ್ತಿದ್ದರಂತೆ. ಹೆಸರು ಬರೆಯಬೇಡಿ ಅಂದಿದ್ದಾರೆ, ಬರೆಯುವುದಿಲ್ಲ.

ತೊಗಲಿನ ಅಂಚನ್ನು ಉಗುರಿನಿಂದ ಸ್ವಲ್ಪ ಕೆರೆದು, ಮೂಗಿಗೆ ಹಿಡಿದು, “ಎಮ್ಮಿ ತೊಗಲ ಐತಿ. ಜಾಲಿ ತೊಗಟಿ ಹಾಕಿ ಹದ ಮಾಡ್ಯಾರ” ಅಂದರು. “ಎಣ್ಣಿ ಯಾರ್ ಹಾಕಿದ್ರು ತಮ್ಮಾ?”

“ನಾವೇರಿ ಕಾಕಾ.”

“ಯಾವ ಎಣ್ಣಿ?”

“ಕುಸುಬಿ ಎಣ್ಣಿ.”

ಅವರು ನಕ್ಕರು. “ನಾಲ್ಕ ದಿನ ಮೆತ್ತಗ ಇರ್ತದ. ಆಮ್ಯಾಲ ಹಪ್ಪಳ ಆಗ್ತದ ನೋಡ್.”

ಹಾಗೇ ಆಯಿತು. ಕುಸುಬಿ, ಅಗಸಿ ಎಣ್ಣೆಗಳು ಗಾಳಿಗೆ ಒಣಗಿ ಗಟ್ಟಿ ಪೊರೆ ಕಟ್ಟುವ ಜಾತಿಯವು. ಕಟ್ಟಿಗೆಗೆ ಅದೇ ಬೇಕು. ಬ್ರಿಟಿಷ್ ದಂಡಿನಲ್ಲಿ ಕುಂದಾಕ್ಕೆ ಅಗಸಿ ಎಣ್ಣೆಯನ್ನೇ ತಿಕ್ಕುತ್ತಿದ್ದರು. ತೊಗಲಿನ ಎಳೆಗಳ ಒಳಗೆ ಹೋಗಿ ಅದೇ ಎಣ್ಣೆ ಗಟ್ಟಿಯಾದರೆ ತೊಗಲು ಬಾಗುವ ಬದಲು ಮುರಿಯುತ್ತದೆ. ನಮ್ಮ ಹೊಲದಲ್ಲಿ ಬೆಳೆಯುವ ಎರಡೂ ಎಣ್ಣೆಕಾಳು ಕಟ್ಟಿಗೆಗೆ ಗೆಳೆಯರು, ತೊಗಲಿಗೆ ವೈರಿಗಳು.

ಆಮೇಲೆ ಅವರು ರಿವಿಟುಗಳನ್ನು ಒಂದೊಂದಾಗಿ ಅಂಗೈಯಲ್ಲಿ ಹೊರಳಿಸಿದರು. ನಾಲ್ಕು ತಾಮ್ರದವು ಕೈಯಿಂದ ಬಡಿದವು, ಕೆಳಗೆ ಸಣ್ಣ ತಾಮ್ರದ ಬಿಲ್ಲೆ ಇದೆ, ತಲೆ ಒಂದೊಂದೂ ಒಂದೊಂದು ಆಕಾರ. ಮೂರು ಕಬ್ಬಿಣದವು ಕಾರ್ಖಾನೆಯವು, ತಲೆ ಒಂದೇ ಅಚ್ಚು. “ಎರಡ ಸಲ ರಿಪೇರಿ ಆಗೇತಿ. ಮೊದಲ ತಾಮ್ರ ಹೊಡದವಗ ಕೆಲಸ ಗೊತ್ತಿತ್ತು. ಆಮ್ಯಾಲ ಕಬ್ಣ ಹೊಡದವ ಸಿಕ್ಕಿದ್ ಹೊಡದಾನ.”

ಕಬ್ಬಿಣ ಯಾಕೆ ತಪ್ಪು? ಗಿಡದ ತೊಗಟೆಯಿಂದ ಹದ ಮಾಡಿದ ತೊಗಲಲ್ಲಿ ಒಗರು ಇರುತ್ತದೆ. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು ಮಸಿ. ಹಿಂದಿನವರು ಅಳಲೆಕಾಯಿ ಮತ್ತು ಅನ್ನಭೇದಿ ಕೂಡಿಸಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ತತ್ವದಿಂದ. ಕಬ್ಬಿಣದ ರಿವಿಟಿನ ಸುತ್ತ ಆ ಮಸಿ ಮೊದಲು ಆಗುತ್ತದೆ, ಆಮೇಲೆ ಅಲ್ಲಿನ ತೊಗಲೇ ಸುಟ್ಟಂತೆ ಉದುರುತ್ತದೆ. ತಾಮ್ರ, ಹಿತ್ತಾಳೆಗೆ ಕಿಲುಬು ಬರುತ್ತದೆ, ಅದು ತೊಗಲಿನ ಜಿಡ್ಡಿನ ಜತೆ ಸೇರಿ ಹಸಿರು ಮೇಣದಂತೆ ಕೂರುತ್ತದೆ. ಆದರೆ ತೊಗಲನ್ನು ಇಷ್ಟು ಬೇಗ ತಿನ್ನುವುದಿಲ್ಲ. ನಮ್ಮ ಕುಂದಾದಲ್ಲಿ ಎರಡೂ ಅಕ್ಕಪಕ್ಕ ಇದ್ದುದರಿಂದ ಇದನ್ನು ಕಣ್ಣಾರೆ ನೋಡಿದೆವು.

ಕಾಕಾ ಕೊನೆಗೆ ಕೇಳಿದ್ದು ನಾವು ಯೋಚಿಸಿಯೇ ಇರದ ಪ್ರಶ್ನೆ. “ತೊಗಲ ತಗದ ಮ್ಯಾಲ ಕೆಳಗ ಕಟ್ಟಿಗಿ ಬಣ್ಣ ಹ್ಯಾಂಗಿತ್ತು?”

ಮನೆಗೆ ಬಂದು ನೋಡಿದೆವು. ತೊಗಲಿನ ಕೆಳಗೆ ಕುತ್ತಿಗೆಯ ಉದ್ದಕ್ಕೂ ಒಂದು ಸೀಳು. ಅದಕ್ಕೆ ಅಡ್ಡವಾಗಿ ಕಟ್ಟಿಗೆಯೊಳಗೇ ಹೊಡೆದ ಒಂದು ತಾಮ್ರದ ಕಡ್ಡಿ, ಎಂಟನೆಯ ರಿವಿಟು. ಸೀಳಿನ ಸುತ್ತ ಕಟ್ಟಿಗೆ ಕಪ್ಪಗೆ, ಸವೆದು ನುಣುಪಾಗಿತ್ತು. ತೊಗಲು ಸುತ್ತುವ ಮೊದಲೇ ಬಹಳ ಕಾಲ ಆ ಜಾಗವನ್ನು ಬರಿಗೈ ಹಿಡಿದಿತ್ತು ಎಂದು ಅದರ ಅರ್ಥ. ಹೊಸ ಬಂದೂಕಿಗೇ ತೊಗಲು ಹಾಕಿದ್ದರೆ ಕೆಳಗಿನ ಕಟ್ಟಿಗೆ ತಿಳಿಬಣ್ಣಕ್ಕೆ ಇರಬೇಕಿತ್ತು. ಕುಂದಾ ಒಡೆಯುವುದೇ ಕುತ್ತಿಗೆಯಲ್ಲಿ. ಅದು ಎಲ್ಲಕ್ಕಿಂತ ತೆಳ್ಳಗಿರುತ್ತದೆ, ಹಾರಿಸಿದಾಗಿನ ಒದೆತ ಅಲ್ಲೇ ಬೀಳುತ್ತದೆ, ಕೆಳಗೆ ಬಿದ್ದರೂ ಅಲ್ಲೇ ಸೀಳುತ್ತದೆ.

ಅಂದರೆ ಒಂದು ಬಂದೂಕಿನ ಆಯುಸ್ಸು ಪದರು ಪದರಾಗಿ ಕಂಡಿತು. ಮೊದಲು ದಂಡಿನ ಕೆಲಸ. ಆಮೇಲೆ ಬರಿಗೈಯ ವರ್ಷಗಳು. ಒಂದು ದಿನ ಬಿದ್ದು ಸೀಳಿದ್ದು, ಅದಕ್ಕೆ ತಾಮ್ರದ ಕಡ್ಡಿ. ಅದರ ಮೇಲೆ ಎಮ್ಮೆ ತೊಗಲು, ನಾಲ್ಕು ತಾಮ್ರದ ರಿವಿಟು. ತೊಗಲು ಸಡಿಲಾದಾಗ ಅಂಗಡಿಯ ಮೂರು ಕಬ್ಬಿಣದವು. ಕೊನೆಯದಾಗಿ ನಮ್ಮ ಪಾಲಿಶ್ ಪೇಪರ್.

1948 ಮತ್ತು ಮನೆಯ ಕಥೆ

ಆ ಮನೆಯಲ್ಲಿ ಈ ಕುಂದಾಕ್ಕೆ ಒಂದು ಕಥೆ ಇದೆ: ಮುತ್ತಜ್ಜ ರಜಾಕಾರರ ಮೇಲೆ ಹಾರಿಸಿದ ಬಂದೂಕು ಇದು. ಅದೇ ಊರಿನ ಇನ್ನೊಂದು ಮನೆಯಲ್ಲಿ ಬೇರೆ ಕಥೆ: ರಜಾಕಾರನೊಬ್ಬ ಬಿಟ್ಟು ಓಡಿದ ಬಂದೂಕು ಅದು. ಎರಡನ್ನೂ ಹೇಳಿದವರು ಖಾತ್ರಿಯಿಂದಲೇ ಹೇಳಿದರು.

ಎರಡೂ ಆಗಿರಬಹುದಾದ ಕಾಲ ಅದು. ದೇಶ ಸ್ವತಂತ್ರವಾದ ಮೇಲೂ ನಮ್ಮ ಮೂರು ತಾಲೂಕು ನಿಜಾಮನ ಹೈದರಾಬಾದಿನಲ್ಲೇ ಇದ್ದವು. ಆಳಂದ, ಅಫಜಲಪುರದ ಆಚೆಗೆ ಸೊಲ್ಲಾಪುರ, ಅಕ್ಕಲಕೋಟೆ. ಭೀಮಾ ದಾಟಿದರೆ ಇಂಡಿ, ಸಿಂದಗಿ. ನಡುವೆ ಕರೋಡಗಿರಿ ನಾಕಾಗಳು. ಗಡಿಯಾಚೆ ಸ್ಟೇಟ್ ಕಾಂಗ್ರೆಸ್ಸಿನವರ ಶಿಬಿರಗಳು ಎದ್ದವು. ಈಚೆ ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನಿ ಕರಾಚಿಯಿಂದ ರಾತ್ರಿ ವಿಮಾನಗಳಲ್ಲಿ ನಿಜಾಮನಿಗೆ ಆಯುಧ ತಂದು ಇಳಿಸುತ್ತಿದ್ದ, ನಮ್ಮ ಬೀದರಿನಲ್ಲೂ. ಆದರೂ ರಜಾಕಾರರಲ್ಲಿ ಕಾಲು ಭಾಗದವರ ಕೈಯಲ್ಲಿ ಮಾತ್ರ ಆ ಕಾಲದ ಹೊಸ ಬಂದೂಕುಗಳಿದ್ದವು, ಉಳಿದವರಿಗೆ ಭರಮಾರ ಮತ್ತು ಕತ್ತಿ ಎಂಬ ಅಂದಾಜಿದೆ. ಹಳ್ಳಿಯವರ ಬಳಿಯೂ ಹೆಚ್ಚಾಗಿ ಅದೇ: ಭರಮಾರ, ಕೊಡಲಿ, ಕವಣೆ. ಎರಡೂ ಕಡೆಯವರ ಭರಮಾರಗಳಿಗೆ ತೊಗಲು ಸುತ್ತಿದವನು ಒಬ್ಬನೇ ಸಮಗಾರ ಆಗಿರಲಿಕ್ಕೂ ಸಾಕು.

1948ರ ಸೆಪ್ಟೆಂಬರ್ 13ಕ್ಕೆ ಮೇಜರ್ ಜನರಲ್ ಜೆ.ಎನ್. ಚೌಧುರಿಯ ದಂಡು ಸೊಲ್ಲಾಪುರದಿಂದ ಹೊರಟಿತು. ನಳದುರ್ಗ, ಉಮರ್ಗಾ, ಹುಮನಾಬಾದ್ ಮೇಲಿಂದ ಸಾಗಿತು, ಆಳಂದದ ಉತ್ತರಕ್ಕೆ. 17ಕ್ಕೆ ನಿಜಾಮ ಸೋಲೊಪ್ಪಿದ. ನಾವು ಧ್ವಜ ಹಾರಿಸುವುದು ಆ ದಿನಕ್ಕೆ.

ಅದರ ನಂತರದ ವಾರಗಳ ಬಗ್ಗೆ ಉತ್ಸವದ ಭಾಷಣಗಳಲ್ಲಿ ಕೇಳುವುದಿಲ್ಲ. ರಜಾಕಾರರು ಮಾಡಿದ ಕೊಲೆ, ಲೂಟಿ ನಿಜ. ಬೀದರ ಜಿಲ್ಲೆಯ ಗೋರ್ಟಾ ಅದಕ್ಕೆ ಸಾಕ್ಷಿ. ಪೊಲೀಸ್ ಕಾರ್ಯಾಚರಣೆಯ ನಂತರ ಏನೂ ಮಾಡದ ಮುಸ್ಲಿಂ ಮನೆಗಳ ಮೇಲೆ ನಡೆದದ್ದೂ ನಿಜ. ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗವನ್ನೂ ಹೆಸರಿಸಿತು, ಉಸ್ಮಾನಾಬಾದ್, ಬೀದರ್, ನಾಂದೇಡ್ ಜತೆಗೆ. ಇಡೀ ರಾಜ್ಯದಲ್ಲಿ ಸತ್ತವರು 27,000ದಿಂದ 40,000 ಎಂದು ಅದರ ಅಂದಾಜು. ವರದಿ ಜನರ ಕೈಗೆ ಸಿಕ್ಕಿದ್ದು ದಶಕಗಳ ನಂತರ. ಹಾಗಾಗಿ ಒಂದು ಬಂದೂಕು 1948ರಲ್ಲಿ ಯಾರ ಕೈಯಲ್ಲಿತ್ತು, ಯಾರ ಕಡೆ ತಿರುಗಿತ್ತು ಎಂಬುದು ಸಣ್ಣ ಪ್ರಶ್ನೆಯಲ್ಲ. ಉತ್ತರ ಗೊತ್ತಿಲ್ಲದೆ ಅದಕ್ಕೆ ಹೂಮಾಲೆ ಹಾಕಿ ಶಾಲೆಯ ಮೇಜಿನ ಮೇಲೆ ಇಡಲು ನಾವು ಹೊರಟಿದ್ದೆವು. ಆ ದುಂಡು ಮುದ್ರೆ, ಅದರ ಅಕ್ಷರ, ಅಂಕಿಗಳು ಇದ್ದಿದ್ದರೆ ಅದು ಯಾವ ದಂಡಿನಿಂದ ಬಂತೆಂಬ ಸುಳಿವಾದರೂ ಸಿಗುತ್ತಿತ್ತು.

ತೊಗಲು ಹೇಳಿದ್ದು ಇಷ್ಟು: ಈ ಬಂದೂಕು ಎರಡು ಸಲ ದುರಸ್ತಿಯಾಗುವಷ್ಟು ದಿನ ದುಡಿದಿದೆ. ಅಷ್ಟು ದಿನ ರಜಾಕಾರರೂ ಇರಲಿಲ್ಲ, ಶಿಬಿರಗಳೂ ಇರಲಿಲ್ಲ. ಹೆಚ್ಚಿನ ಕಾಲ ಅದು ಮಾಡಿದ್ದು ಬಹುಶಃ ಜೋಳದ ಹೊಲದಲ್ಲಿ ಹಂದಿ ಓಡಿಸುವ ಕೆಲಸ. ಈ ಮೂರನೆಯ ಕಥೆಯನ್ನು ಹೇಳಿದಾಗ ಆ ಮನೆಯ ಮಾಮಾಗೆ ಸ್ವಲ್ಪ ಬೇಸರವೇ ಆಯಿತು.

ನಿಮ್ಮ ಮನೆಯಲ್ಲಿ ಇದ್ದರೆ

ಮೊದಲು ಕಾನೂನು. 1959ರ ಆಯುಧ ಕಾಯ್ದೆಯಲ್ಲಿ ಬಂದೂಕು ಅಂದರೆ ಅದರ ಬಿಡಿಭಾಗಗಳೂ ಸೇರುತ್ತವೆ. ಇಟ್ಟುಕೊಳ್ಳಲು ಲೈಸೆನ್ಸ್ ಬೇಕಾದಂತೆ, ದುರಸ್ತಿಯ ಕೆಲಸ ಮಾಡುವವರಿಗೂ ಲೈಸೆನ್ಸ್ ಬೇಕು. ಹಳೆಯ ಕಾಲದ, ಕೆಟ್ಟುಹೋದ ಬಂದೂಕಿಗೆ ವಿನಾಯಿತಿ ಇದೆ, ಆದರೆ ಅದು ರಿಪೇರಿ ಮಾಡಿದರೂ ಹಾರದ ಸ್ಥಿತಿಯಲ್ಲಿ ಇರಬೇಕು. ರಿಪೇರಿಯಾದರೆ ಹಾರುತ್ತದೆ ಅನ್ನುವಂಥದ್ದು ಕಾನೂನಿನ ಕಣ್ಣಲ್ಲಿ ಬಂದೂಕೇ. ನೂರು ವರ್ಷ ದಾಟಿದ ವಸ್ತು 1972ರ ಪುರಾತತ್ವ ವಸ್ತುಗಳ ಕಾಯ್ದೆಗೂ ಒಳಪಡುತ್ತದೆ. ಆದ್ದರಿಂದ ಸಿಕ್ಕಿದ್ದನ್ನು ಹೆದರಿ ಬಾವಿಗೆ ಎಸೆಯಬೇಡಿ, ಮುಚ್ಚಿಯೂ ಇಡಬೇಡಿ. ಠಾಣೆಗೆ ತಿಳಿಸಿ, ತಿಳಿಸಿದ್ದಕ್ಕೆ ಬರಹ ಪಡೆಯಿರಿ. ನಾವು ಬರೀ ಕಟ್ಟಿಗೆಗೂ ಹಾಗೇ ಮಾಡಿದೆವು.

ತೊಗಲು ಸುತ್ತಿದ ಬಂದೂಕನ್ನು ಯಾವ ಕಾರಣಕ್ಕೂ ಹಾರಿಸಿ ನೋಡಬಾರದು. ತೊಗಲು ಇದೆ ಅಂದರೆ ಒಳಗೆ ಸೀಳಿದೆ ಎಂದೇ ತಿಳಿಯಿರಿ. ನಳಿಗೆಯಲ್ಲಿ ಹಳೆಯ ಮದ್ದು ಉಳಿದಿರಲೂಬಹುದು. ಅದರ ಬಾಯಿಯ ಮುಂದೆ ನಿಲ್ಲಬೇಡಿ, ಕಡ್ಡಿ ಹಾಕಿ ಕೆದಕಬೇಡಿ.

ಮುಟ್ಟುವ ಮೊದಲು ಮೊಬೈಲಿನಲ್ಲಿ ಎಲ್ಲ ಮಗ್ಗುಲಿನಿಂದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು. ಒಂದೊಂದು ರಿವಿಟಿನ ಫೋಟೋ ಬೇರೆ. ಬಿಸಿಲು ಓರೆಯಾಗಿ ಬೀಳುವ ಬೆಳಗಿನಲ್ಲಿ ತೆಗೆದರೆ ಸವೆದ ಮುದ್ರೆಯೂ ಕಾಣುತ್ತದೆ. ತಿಕ್ಕಬೇಡಿ. ಧೂಳಿಗೆ ಮೆತ್ತನೆಯ ಒಣ ಬ್ರಷ್ ಸಾಕು. ತೊಗಲು ಕೆಂಪು ಪುಡಿಯಾಗಿ ಉದುರುತ್ತಿದ್ದರೆ ನೀರು ತಾಗಿಸಲೇಬೇಡಿ, ಕಪ್ಪಾಗಿ ಕಲ್ಲಿನಂತಾಗುತ್ತದೆ.

ತೊಗಲು ಬದಲಿಸಲೇಬೇಕೆ ಎಂದು ನಾವು ಕಾಕಾ ಅವರನ್ನು ಕೇಳಿದೆವು. “ಕೆಲಸ ಮಾಡೂ ಸಾಮಾನ ಆದ್ರ ಬದಲ್ ಮಾಡು. ನಾಗೊಂದಿ ಮ್ಯಾಲ ಇಡೂದಕ್ಕ ಹೊಸಾ ತೊಗಲ ಯಾಕ?” ಅಂದರು. ಸೀಳು ಬಾಯಿ ಬಿಡುತ್ತಿದ್ದರೆ, ತುಂಡುಗಳು ಬೇರೆಯಾಗುತ್ತಿದ್ದರೆ ಮಾತ್ರ ಹೊಸದು ಬೇಕು. ಆಗಲೂ ತೊಗಟೆಯಿಂದ ಹದ ಮಾಡಿದ ತೊಗಲು ಬೇಕು. ಈಗ ಬೂಟಿನ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಕ್ರೋಮ್ ಹದದ್ದು. ಕೊಯ್ದ ಅಂಚು ನೀಲಿ ಬೂದಿ ಬಣ್ಣಕ್ಕಿದ್ದರೆ ಅದು ಕ್ರೋಮ್, ಕಂದು ಇದ್ದರೆ ತೊಗಟೆಯದು. ದಪ್ಪ ಹಳೆಯದರಷ್ಟೇ ಇರಲಿ.

ರಿವಿಟು ತಾಮ್ರದ್ದು. ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಕುಡುಗೋಲಿಗೆ ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರಕ್ಕೆ ತಿರುಗುಮುರುಗು. ಮೆತ್ತಗಾದ ರಿವಿಟಿನ ಒಂದು ತಲೆಯನ್ನು ಅಡಿಗಲ್ಲಿಗೆ ಆನಿಸಿ, ಇನ್ನೊಂದರ ಮೇಲೆ ಬಿಲ್ಲೆ ಹಾಕಿ, ದುಂಡು ಮುಖದ ಸಣ್ಣ ಸುತ್ತಿಗೆಯಿಂದ ಸುತ್ತಲೂ ಸಣ್ಣ ಸಣ್ಣ ಪೆಟ್ಟು ಕೊಡಬೇಕು. ಒಂದೇ ದೊಡ್ಡ ಪೆಟ್ಟು ಕೊಟ್ಟರೆ ಕಡ್ಡಿ ಒಳಗೇ ಬಾಗುತ್ತದೆ, ಕಟ್ಟಿಗೆ ಸೀಳುತ್ತದೆ. ಬಹಳ ಬಿಗಿಯೂ ಮಾಡಬಾರದು. ನಮ್ಮ ಬ್ಯಾಸಗಿಯಲ್ಲಿ ಕಟ್ಟಿಗೆ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲದಿದ್ದರೆ ರಿವಿಟಿನ ಪಕ್ಕದಲ್ಲೇ ಬಿರುಕು. ಹಳೆಯ ತೂತುಗಳನ್ನೇ ಬಳಸಬೇಕು, ಹೊಸ ತೂತು ಒಂದೂ ಕೊರೆಯಬಾರದು. ಹಳೆಯ ರಿವಿಟು ತೆಗೆಯುವುದಿದ್ದರೆ ನಮ್ಮ ಹಾಗೆ ಇಕ್ಕಳ ಹಾಕಿ ಎಳೆಯದೆ, ಬಡಿದ ತಲೆಯನ್ನು ಅರದಿಂದ ಸವೆಸಿ ಹಿಂದಿನಿಂದ ನೂಕಬೇಕು. ನಾವು ಎಳೆದ ನಾಲ್ಕರಲ್ಲಿ ಎರಡು ತೂತು ಹರಿದು ಅಗಲವಾಗಿವೆ.

ಕಿತ್ತ ತೊಗಲು, ರಿವಿಟುಗಳನ್ನು ಎಸೆಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಬೆವತು ಬೂಸು ಹಿಡಿಯುತ್ತದೆ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಯಾವಾಗ ತೆಗೆದದ್ದು, ಯಾವ ತೂತಿನದು ಎಂದು ಚೀಟಿ ಬರೆದು ಜತೆಗಿಡಿ. ಮನೆಯಲ್ಲಿ ಹೇಳುವ ಕಥೆಯನ್ನೂ ಬರೆಯಿರಿ, ಪಕ್ಕದ ಮನೆಯವರು ಹೇಳುವುದನ್ನೂ ಬರೆಯಿರಿ. ಕಲಬುರಗಿ ಕೋಟೆಯ ಮೇಲಿನ ಬಾರಾಗಜಿ ತೋಪಿನ ಮುಂದೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ತೋಪಿಗೆ ತೊಗಲೂ ಇಲ್ಲ, ತೇಪೆಯೂ ಇಲ್ಲ.

ಪ್ರದರ್ಶನಕ್ಕೆ ಕುಂದಾ ಹೋಗಲಿಲ್ಲ. ಮಾಸ್ತರರಿಗೆ ಫೋಟೋಗಳನ್ನು ಕೊಟ್ಟೆವು, ಮೂರೂ ಕಥೆಗಳನ್ನು ಕೆಳಗೆ ಬರೆದು. ಹೊಸ ತೊಗಲು ಹಾಕಿಸಲಿಲ್ಲ. ಕಾಕಾ ಹರಿಯದ ಎರಡು ತೂತುಗಳಿಗೆ ಅವೇ ಹಳೆಯ ತಾಮ್ರದ ರಿವಿಟುಗಳನ್ನು ಕಾಯಿಸಿ, ನೆಟ್ಟಗೆ ಮಾಡಿ ಮತ್ತೆ ಕೂರಿಸಿಕೊಟ್ಟರು. ದುಡ್ಡು ಕೊಡಲು ಹೋದರೆ ಇಪ್ಪತ್ತು ರೂಪಾಯಿ ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕೊಟ್ಟರು. ಕುಂದಾ ಈಗ ಆಯಿಯ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಮತ್ತೆ ನಾಗೊಂದಿ ಮೇಲೆ ಇದೆ. ಹುಡುಗರ ಕೈಗೆ ಸಿಗಬಾರದೆಂದು ಆಯಿ ಈ ಸಲ ಅದರ ಮುಂದೆ ಕಾಳಿನ ಡಬ್ಬಿಗಳನ್ನು ಜೋಡಿಸಿದ್ದಾಳೆ.